ಹಿತ್ತಲಿಗೆ ಹಕ್ಕಿ ಬರಬೇಕೇ? ಮೊದಲು ನೀರಿಡಿ

ಹಕ್ಕಿ ನೋಡಬೇಕು ಅಂದರೆ ಮಂಡಗದ್ದೆಗೋ ಗುಡವಿಗೋ, ಇಂಥ ಪಕ್ಷಿಧಾಮಕ್ಕೇ ಹೋಗಬೇಕು ಅಂದುಕೊಂಡವರೇ ಜಾಸ್ತಿ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಪಿಕಳಾರ (ಬುಲ್‌ಬುಲ್), ಮಡಿವಾಳ, ಕುಟ್ರುಹಕ್ಕಿ, ಸೂರಕ್ಕಿ ಎಲ್ಲ ಮಲೆನಾಡಿನ ಹಿತ್ತಲಿಗೇ ಬರುತ್ತವೆ.

ಶುರು ಮಾಡುವುದು ಕಾಳಿನಿಂದಲ್ಲ, ನೀರಿನಿಂದ. ನಮ್ಮ ಕಡೆ ಹಣ್ಣು, ಹುಳಕ್ಕೆ ಅಂಥ ಬರವಿಲ್ಲ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ನೀರಿಗೇ ಪರದಾಟ. ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು, ಇಲ್ಲವೇ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಎರಡು ತುದಿ ಮಡಚಿ ಕಡ್ಡಿ ಚುಚ್ಚಿದರೂ ಆಯಿತು. ನೀರು ಎರಡು ಇಂಚಿಗಿಂತ ಆಳ ಬೇಡ. ಕಾಲೂರಲು ನಡುವೆ ಒಂದು ಕಲ್ಲಿಡಿ. ಹಳೇ ನೀರು ದಿನಾ ಚೆಲ್ಲಿ, ತಟ್ಟೆ ತಿಕ್ಕಿ ತುಂಬಿಸಿ. ಸುಮ್ನೆ ಮೇಲಿಂದ ಸುರಿಯುತ್ತಾ ಹೋದರೆ ಪಾಚಿ ಕಟ್ಟುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ.

ಗಿಡಗಂಟಿ ಹತ್ತಿರವೇ ಇರಲಿ, ಹೆದರಿದ ಹಕ್ಕಿ ಓಡಿ ಅಡಗಬೇಕಲ್ವಾ. ಆದರೆ ಬೆಕ್ಕು ಅಲ್ಲಿಂದ ಒಂದೇ ನೆಗೆತಕ್ಕೆ ತಟ್ಟೆ ಮುಟ್ಟುವಂತಿರಬಾರದು.

ಹಣ್ಣಿಗೆ ಕಳಿತ ಬಾಳೆ, ಪಪ್ಪಾಯಿ. ಕೊಂಬೆಯ ಮುರುಕು ತುದಿಗೆ ಸಿಕ್ಕಿಸಿ ದೂರ ಕೂತು ನೋಡಿ. ಪಿಕಳಾರ ಜುಟ್ಟು ನಿಗುರಿಸಿ ಎರಡು ಸಲ ಕುಕ್ಕುವಷ್ಟರಲ್ಲಿ ದಪ್ಪ ಕೊಕ್ಕಿನ ಹಸಿರು ಕುಟ್ರುಹಕ್ಕಿ ಬಂದು ಕೂರುತ್ತದೆ, ಅದರ ಕೊಕ್ಕಿನ ಬುಡದಲ್ಲಿ ಮೀಸೆಯಂಥ ಬಿರುಸು ಕೂದಲು, ಅದಕ್ಕೆ ಮೆತ್ತಿಕೊಂಡ ಹಣ್ಣಿನ ತಿರುಳು, ಅದು ಹೋಗುವ ತನಕ ಪಿಕಳಾರ ಪಕ್ಕದ ಕೊಂಬೆಯಲ್ಲಿ ಕಾಯುತ್ತದೆ.

ಒಂದು ಎಚ್ಚರಿಕೆ: ಹಣ್ಣನ್ನು ದಿನವಿಡೀ ಬಿಡಬೇಡಿ. ಮಂಗ ಒಮ್ಮೆ ರುಚಿ ನೋಡಿದರೆ ಮುಗಿಯಿತು, ಆಮೇಲೆ ಅಡುಗೆಮನೆಗೂ ಬರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಕಡೆ ಕಂಡ ಮಂಗನ ಕಾಯಿಲೆ ಉಣುಗಿನಿಂದ, ಅಂದರೆ ಮಂಗನ ಮೈಗೂ ಅಂಟುವ ರಕ್ತ ಹೀರುವ ಹುಳದಿಂದ ಹರಡುವಂಥದ್ದು. ಮಂಗಗಳನ್ನು ಅಂಗಳಕ್ಕೆ ಕರೆಯದಿರುವುದೇ ಒಳ್ಳೆಯದು. ನೀವು ಕೂತು ನೋಡುವ ಹೊತ್ತು ಮಾತ್ರ ಇಡಿ, ಏಳುವಾಗ ತೆಗೆದುಬಿಡಿ.

ರಾಟವಾಳ (ಮುನಿಯ), ಗುಬ್ಬಿಗೆ ನುಚ್ಚಕ್ಕಿ, ನವಣೆ. ಉಳಿದ ಚಿತ್ರಾನ್ನ, ಖಾರದ ಮಿಕ್ಸ್ಚರ್ ಖಂಡಿತ ಬೇಡ. ಮಳೆ ಹಿಡಿದರೆ ಕಾಳು ಬೂಸ್ಟು ಬರುತ್ತದೆ, ನಿಲ್ಲಿಸಿಬಿಡಿ.

ಸಕ್ಕರೆ ನೀರಿನ ಕೆಂಪು ಬಾಟಲಿ ಆನ್‌ಲೈನಿನಲ್ಲಿ ಸಿಗುತ್ತದೆ. ಅದು ಅಮೆರಿಕದ ಹಮ್ಮಿಂಗ್‌ಬರ್ಡ್‌ಗೆ ಮಾಡಿದ್ದು, ಆ ಹಕ್ಕಿ ನಮ್ಮಲ್ಲಿ ಇಲ್ಲವೇ ಇಲ್ಲ. ಹೂವಿನ ಮಕರಂದ ಹೀರುವ ಸೂರಕ್ಕಿಗೆ ದಾಸವಾಳ, ಕೇಪಳ ನೆಟ್ಟರೆ ಸಾಕು.

ನೋಡಲು ಬೆಳಿಗ್ಗೆ ಒಳ್ಳೆಯ ಹೊತ್ತು. ಗುರುತು ಸಿಗದಿದ್ದರೆ ಮೊಬೈಲಿನ ಮರ್ಲಿನ್ ಆ್ಯಪ್‌ನಲ್ಲಿ ಕೂಗು ಕೇಳಿಸಿ. ಅದು ಹೇಳಿದ್ದೇ ವೇದವಾಕ್ಯ ಅಲ್ಲ, ಕಣ್ಣಲ್ಲೂ ನೋಡಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆಗೆ ಕನಿಷ್ಠ 15 ನಿಮಿಷ ಕೂತು ಎಣಿಸಿ, ಪಟ್ಟಿಯನ್ನು ಇಬರ್ಡ್ ಜಾಲತಾಣಕ್ಕೆ ಹಾಕಬಹುದು.