ಗಿಡಕ್ಕೆ ಕೂಲರ್ ಹಚ್ಚಿದ ಮೇಲೆ ಆರ್ಕಿಡ್ ಹೂ ಬಿಟ್ಟಿತು

ಕಳೆದ ಮಾರ್ಚಿನಲ್ಲಿ ನಮ್ಮನೆ ಬಿಳಿ ಫೆಲನಾಪ್ಸಿಸ್ ಆರ್ಕಿಡ್ ಹನ್ನೊಂದು ಹೂ ಬಿಟ್ಟಿತು. ಏಪ್ರಿಲ್ ಕೊನೆಗೂ ಏಳು ಹೂ ಹಾಗೇ ನಿಂತಿದ್ದವು. ಹೊರಗೆ 41 ಡಿಗ್ರಿ ಬಿಸಿಲು. ವಿಜಯಪುರದಲ್ಲಿ ಬಿಸಿಲು ತಡೆಯುವ ಅಡೇನಿಯಂ ಗಿಡ ಬಿಟ್ಟು ಬೇರೇನೂ ಬರಲ್ಲ ಎಂದು ನಾಲ್ಕು ವರ್ಷ ನನಗೆ ಬುದ್ಧಿ ಹೇಳಿದವರೆಲ್ಲ ಒಬ್ಬೊಬ್ಬರಾಗಿ ಬಂದು ಫೋಟೋ ತೆಗೆದುಕೊಂಡು ಹೋದರು. ಒಬ್ಬರಂತೂ ಎಸಳು ಮುಟ್ಟಿ ನೋಡಿದರು, ಪ್ಲಾಸ್ಟಿಕ್ ಇರಬಹುದು ಅಂತ.

ಮೊದಲ ಎಂಟು ಗಿಡ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ತಂದಿದ್ದೆ. ಎಲ್ಲ ಡೆಂಡ್ರೋಬಿಯಂ ಎಂಬ ಜಾತಿಯ ಆರ್ಕಿಡ್, ಒಂದಕ್ಕೆ 350 ಇರಬೇಕು. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ನೆಟ್ಟೆ, ಐದು ಕೊಳೆತವು. ಅದು ನನ್ನದೇ ತಪ್ಪು, ಬಿಡಿ. ಉಳಿದ ಮೂರನ್ನು ಇದ್ದಿಲು, ಇಟ್ಟಂಗಿ ಚೂರು, ತೆಂಗಿನ ಸಿಪ್ಪೆಗೆ ಹಾಕಿದೆ. ಎರಡು ತಿಂಗಳು ಚೆನ್ನಾಗಿದ್ದವು. ಆಮೇಲೆ ಎಲೆಯ ತುದಿ ಕಪ್ಪಾಗತೊಡಗಿತು, ಬೇರಿನ ಹಸಿರು ತುದಿ ಸುಟ್ಟ ಹಾಗೆ ಕಂದಾಯಿತು. ಬಿಸಿಲು ಜಾಸ್ತಿ ಆಯಿತೆಂದು ಒಳಗಿಟ್ಟೆ, ರೋಗವೆಂದು ಔಷಧಿ ಹೊಡೆದೆ. ಔಷಧಿಗೇ ಆರೇಳು ನೂರು ಹೋಯಿತು.

ಒಂದು ದಿನ ಕುಂಡ ಬಿಚ್ಚಿದಾಗ ಇದ್ದಿಲಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರು ಕಂಡಿತು. ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿದೆ. ಉಪ್ಪುಪ್ಪು. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ, ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ತರಿಸಿ ಅದ್ದಿದರೆ ನಮ್ಮ ಬೋರ್ ನೀರು 1400 ತೋರಿಸಿತು. ನಳದ ನೀರು 350ರ ಆಸುಪಾಸು, ಮಳೆ ನೀರು 20–25. ಈ ಮೂರು ಗಿಡ ಸೊರಗಿದ್ದು ಬಿಸಿಲಿಗಲ್ಲ, ನಾನು ದಿನಾ ಪ್ರೀತಿಯಿಂದ ಹಾಕಿದ ನೀರಿಗೆ.

ಎಸಿಯಿಂದ ತೊಟ್ಟಿಕ್ಕುವ ನೀರು ಶುದ್ಧವಲ್ವಾ, ಅದನ್ನೇ ಹಿಡಿಯೋಣ ಎಂದು ಬಕೆಟ್ ಇಟ್ಟೆ. ಏಪ್ರಿಲ್‌ನಲ್ಲಿ ನಮ್ಮ ಗಾಳಿ ಎಷ್ಟು ಒಣ ಎಂದರೆ ರಾತ್ರಿಯಿಡೀ ಓಡಿಸಿದರೂ ಒಂದು ತಂಬಿಗೆ ಸಿಗುತ್ತಿತ್ತು. ಗಾಳಿಯಲ್ಲಿ ತೇವ ಇರುವ ಜುಲೈನಲ್ಲಿ ಎಸಿ ಯಾರು ಹಚ್ಚುತ್ತಾರೆ? ಕೊನೆಗೆ ಹಿತ್ತಲಿನ ತಗಡಿಗೆ ಪೈಪ್ ಜೋಡಿಸಿ 500 ಲೀಟರಿನ ಹಳೇ ಸಿಂಟೆಕ್ಸ್ ಇಟ್ಟೆ. ನಮ್ಮಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್‌ನಲ್ಲಿ, ಎರಡು ಮಳೆಗೆ ತುಂಬುತ್ತದೆ. ಇಪ್ಪತ್ತು ಗಿಡಕ್ಕೆ ದಿನಕ್ಕೆ ಮೂರು ಲೀಟರ್ ಸಾಕು, ಶಿವರಾತ್ರಿ ತನಕ ಬರುತ್ತದೆ. ಆಮೇಲೆ ಅಡುಗೆಮನೆಯ ಆರ್‌ಒ ನೀರು. ಮನೆಯವರ ಬೈಗುಳ ಅದರ ಜೊತೆ ಉಚಿತ.

ನೀರು ಸರಿಯಾದ ಮೇಲೆ ಡೆಂಡ್ರೋಬಿಯಂ ಹೂ ಬಿಟ್ಟವು. ಫೆಲನಾಪ್ಸಿಸ್ ಮಾತ್ರ ಸತಾಯಿಸಿತು. ಹೂದಂಡು ಬರುವುದೇನೂ ಕಷ್ಟವಾಗಲಿಲ್ಲ. ಡಿಸೆಂಬರ್‌ನಲ್ಲಿ ನಮ್ಮ ರಾತ್ರಿ 15 ಡಿಗ್ರಿಯ ಹತ್ತಿರ ಇಳಿಯುತ್ತದೆ. ಮೂರು ವಾರ ರಾತ್ರಿ ಹೊರಗಿಟ್ಟರೆ ಆಯಿತು. ಮಂಗಳೂರಿನ ನನ್ನ ಗೆಳೆಯನ ಗಿಡಕ್ಕೆ ಆ ಚಳಿ ಸಿಗಲ್ಲ, ಬರೀ ಎಲೆ ಬಿಡುತ್ತದೆ. ಈ ಒಂದು ವಿಷಯದಲ್ಲಿ ಕರಾವಳಿಯವರಿಗಿಂತ ನಾವೇ ಮೇಲು! ಆದರೆ ಮೊಗ್ಗು ದಪ್ಪಗಾಗುವಾಗ ಮಾರ್ಚ್ ಬರುತ್ತದೆ. ಒಣಗಾಳಿ ಬೀಸಿದ ಎರಡೇ ದಿನಕ್ಕೆ ಮೊಗ್ಗೆಲ್ಲ ಹಳದಿಯಾಗಿ ಟಪಟಪ ಉದುರಿದವು. ಎರಡು ವರ್ಷ ಇದೇ ಕಥೆ. ಗೋಣಿ ಚೀಲ ನೆನೆಸಿ ತೂಗುಹಾಕಿದರೆ ಅರ್ಧ ಗಂಟೆಗೆ ಹಪ್ಪಳ. ಎಲೆಗೆ ನೀರು ಸಿಂಪಡಿಸಿದೆ, ಸುಳಿಯಲ್ಲಿ ನೀರು ನಿಂತು ಒಂದು ಗಿಡ ಕೊಳೆಯಿತು.

ಆಗ ಹೊಳೆದದ್ದು ಏರ್ ಕೂಲರ್. ಮೋಟಾರ್ ರಿಪೇರಿ ಮಾಡಿಸಿದ ಹಳೇದು, 3500 ಕೊಟ್ಟೆ. ಇದರ ಮಜಾ ಏನೆಂದರೆ, ಕೂಲರ್‌ಗೆ ಬೋರ್ ನೀರೇ ನಡೆಯುತ್ತದೆ. ನೀರು ಆವಿಯಾಗಿ ಗಾಳಿಗೆ ಸೇರುತ್ತದೆ, ಉಪ್ಪು ಹುಲ್ಲಿನ ಪ್ಯಾಡಿನಲ್ಲೇ ಉಳಿಯುತ್ತದೆ. ನಾಲ್ಕಡಿ ದೂರ ಇಡಬೇಕು, ಇಲ್ಲದಿದ್ದರೆ ಹನಿ ಸಿಡಿದು ಎಲೆ ಮೇಲೆ ಕಲೆ. ಗಾಳಿ ಹೊರಹೋಗಲು ಎದುರಿಗೆ ಜಾಗ ಬಿಡಿ. ಮಧ್ಯಾಹ್ನ 12ರಿಂದ 5ರವರೆಗೆ ಟೈಮರ್. ಹೊರಗೆ 40 ಇದ್ದಾಗ ಹಿಂದಿನ ಪಡಸಾಲೆಯಲ್ಲಿ 30–31 ಇರುತ್ತಿತ್ತು. ಕರೆಂಟ್ ಬಿಲ್ ತಿಂಗಳಿಗೆ ಮುನ್ನೂರು-ನಾನೂರು ಏರಿತು.

"ಏನಪಾ, ಮನಷ್ಯಾರಿಗೆ ಫ್ಯಾನು, ಗಿಡಕ್ಕ ಕೂಲರಾ?" ಅಂದಳು ಅವ್ವ. ಓಣಿಯಲ್ಲಿ ಇನ್ನೂ ಅದೇ ಮಾತು.

ಪಡಸಾಲೆಯ ಪಡುವಣ ಬದಿಗೆ ಶೇಡ್‌ನೆಟ್ ಇದೆ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್‌ನಿಂದ ಬಿಚ್ಚಿದ್ದು, ಅಲ್ಲಲ್ಲಿ ಹರಿದಿತ್ತು, 400ಕ್ಕೆ ಬಂತು. ಹೊಸದು ತರಲು ಹೋಗಬೇಡಿ, ಸುಮ್ನೆ ದುಡ್ಡು ದಂಡ. ಆ ತೋಟದವನೇ ದ್ರಾಕ್ಷಿ ಗೊನೆಗೆ ಹೊಡೆಯುವ ಜಿಎ (ಬೆಳವಣಿಗೆ ಹೆಚ್ಚಿಸುವ ಜಿಬ್ಬರೆಲಿಕ್ ಆ್ಯಸಿಡ್) ಒಂದು ಚಿಟಿಕೆ ಕೊಟ್ಟ. ಸ್ಪಿರಿಟ್‌ನಲ್ಲಿ ಕರಗಿಸಿ, ನೀರು ಬೆರೆಸಿ, ಒಂದು ಹೂದಂಡಿಗೆ ಹೊಡೆದೆ. ದಂಡು ಪಡವಲಕಾಯಿ ಬಳ್ಳಿ ಥರ ಉದ್ದಕ್ಕೆ ಜೋತುಬಿತ್ತು, ಹೂವಿನ ಎಸಳು ಸೊಟ್ಟ. ಆ ಗಿಡ ನೋಡಲು ಯಾರಿಗೂ ಬಿಡಲಿಲ್ಲ. ದ್ರಾಕ್ಷಿಯವರ 19:19:19 ಗೊಬ್ಬರ ಮಾತ್ರ ಒಳ್ಳೇದು. ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಹೂವಿನ ಮುಂಚೆ ಇನ್ನೊಂದು ಕೊಡುತ್ತೇನೆ. ಅದೇನು, ಎಷ್ಟು ಅಂತ ಈಗ ಹೇಳಲ್ಲ, ಇನ್ನೊಂದು ಬೇಸಿಗೆ ನೋಡಿಕೊಳ್ಳುತ್ತೇನೆ.

ನೀರು ಯಾವಾಗ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಬೇರು ನೋಡಿ. ಬೆಳ್ಳಿ ಬಣ್ಣ ಇದ್ದರೆ ಬಾಯಾರಿದೆ, ಹಸಿರಿದ್ದರೆ ಮುಟ್ಟಬೇಡಿ.

ಇಲ್ಲಿಯ ತನಕ ಸತ್ತ ಗಿಡಗಳನ್ನೂ ಸೇರಿಸಿ ಹದಿನಾಲ್ಕು-ಹದಿನೈದು ಸಾವಿರ ಹೋಗಿದೆ. ಡೆಂಡ್ರೋಬಿಯಂ ಕಾಂಡದ ಮೇಲೆ ಹುಟ್ಟಿದ ಐದು ಮರಿ ಮಾರಿ 1250 ವಾಪಸ್ ಬಂತು. ಆಂಥೂರಿಯಂ ಪ್ರಯತ್ನಿಸಿ ಕೈಬಿಟ್ಟೆ. ಕುಂಡವಿಲ್ಲದೆ ತೂಗುಹಾಕಿದ ವಾಂಡಾ ಆರ್ಕಿಡ್‌ಗೆ ಎರಡು ಬೇರು ಉಳಿದಿವೆ, ಯುಗಾದಿ ತನಕ ಕಾಯುತ್ತೇನೆ. ಅವ್ವ ಈಗ ಮಧ್ಯಾಹ್ನ ಚಾಪೆ ಹಾಸಿಕೊಂಡು ಆರ್ಕಿಡ್ ಪಕ್ಕವೇ ಮಲಗುತ್ತಾಳೆ. ಟೈಮರನ್ನು 6ಕ್ಕೆ ತಿರುಗಿಸಿದ್ದೂ ಅವಳೇ.