ಕಾಂಟೆಸ್ಸಾ ಡಿಕ್ಕಿಗೆ ಸ್ಪಾಯ್ಲರ್: ತೂತು ಹೊಡೆಯುವ ಮೊದಲು, ಹೊಡೆದ ಮೇಲೆ

ಹಳೇ ಕಾರಿನ ಡಿಕ್ಕಿಯ ಹಿಂದಂಚಿಗೆ ಕೂರಿಸಿದ ಸ್ಪಾಯ್ಲರ್, ಅಂದರೆ ಗಾಳಿಗೆ ಅಡ್ಡ ನಿಲ್ಲುವ ಪಟ್ಟಿ, ಕಳಚಿ ಬೀಳುವುದು ಅಪರೂಪ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೋಲ್ಟಿನ ಸುತ್ತ ಪೇಂಟ್ ಉಬ್ಬುವುದು, ಬೆರಳಲ್ಲಿ ಒತ್ತಿದರೆ ಕೆಂಪು ಪುಡಿ ಉದುರುವುದು, ಇದೇ ಸಾಮಾನ್ಯ. ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾ ಕಾರಿನ ತಯಾರಿಕೆ 2002ಕ್ಕೇ ನಿಂತಿತು. ತುಕ್ಕಿಲ್ಲದ ಡಿಕ್ಕಿ ಡೋರ್ ಬೇಕೆಂದು ಕೋಲಾರದಿಂದ ಬೆಂಗಳೂರಿನ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಗೆ ಹೋಗಿ ದಿನವಿಡೀ ಸುತ್ತಿದರೂ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ಅದಕ್ಕೇ ಈ ಕೆಲಸದಲ್ಲಿ ಸ್ಪಾಯ್ಲರ್‌ಗಿಂತ ತೂತಿನ ಆರೈಕೆಗೆ ಹೆಚ್ಚು ಹೊತ್ತು ಕೊಡಬೇಕು.

ಮೊದಲು ಕಾರು ಯಾವುದು ಎಂದು ನೋಡಿ. ಅಂಬಾಸಿಡರ್‌ನ ಡಿಕ್ಕಿ ಇಳಿಜಾರಾಗಿ ದುಂಡಗಿದೆ, ಅದರ ಮೇಲೆ ಸ್ಪಾಯ್ಲರ್ ಯಾವ ಕೋನದಲ್ಲೂ ಒಪ್ಪುವುದಿಲ್ಲ. ಕಾಂಟೆಸ್ಸಾದ ಡಿಕ್ಕಿ ಚಪ್ಪಟೆ, ಹಿಂದಂಚು ನೇರ. ಅಂಚಿಗೆ ಅಂಟಿಕೊಂಡಂತಿರುವ ಗಿಡ್ಡ ತುಟಿಯಂಥ ಸ್ಪಾಯ್ಲರ್ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಎರಡು ಕಾಲಿನ ಮೇಲೆ ನಿಲ್ಲುವ ಎತ್ತರದ ರೆಕ್ಕೆ ನಮ್ಮ ಪ್ರಕಾರ ಈ ಕಾರಿಗೆ ಬೇಡ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 50 ಕಿ.ಮೀ. ವೇಗದಲ್ಲಿ ಇರುವುದರ ನಾಲ್ಕರಷ್ಟು 100ರಲ್ಲಿ. ಅಂತರಗಂಗೆ ಬೆಟ್ಟದ ದಾರಿಯಲ್ಲಿ ಯಾವ ಸ್ಪಾಯ್ಲರ್‌ಗೂ ಕೆಲಸವಿಲ್ಲ, ಹೊಸಕೋಟೆ ಕಡೆಯ ರಾಷ್ಟ್ರೀಯ ಹೆದ್ದಾರಿ 75ರಲ್ಲೂ ಅದರಿಂದ ಸಿಗುವ ಹಿಡಿತ ಅಲ್ಪ. ಅಂದಕ್ಕಾಗಿ ಹಾಕುತ್ತಿದ್ದೇವೆ ಎಂದು ಒಪ್ಪಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಕಾಗದಪತ್ರದ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. ಯಾವ ಕಾಂಟೆಸ್ಸಾ ಆದರೂ ಈಗ 15 ವರ್ಷ ದಾಟಿದೆ, ಅಂದರೆ ಐದೈದು ವರ್ಷಕ್ಕೊಮ್ಮೆ ನವೀಕರಣಕ್ಕೆ ಗಾಡಿ ತೋರಿಸಲೇಬೇಕು. ಕೋಲಾರದ ಆರ್‌ಟಿಒ (ಕೆಎ-07) ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. 50 ವರ್ಷ ದಾಟಿದ ಫಿಯೆಟ್ ಇಟ್ಟುಕೊಂಡು, 2021ರ ನಿಯಮದಡಿ ವಿಂಟೇಜ್ ನೋಂದಣಿ ಮಾಡಿಸುವ ಮನಸ್ಸಿದ್ದವರು ಡ್ರಿಲ್ ಮುಟ್ಟಲೇಬೇಡಿ. ಬಾಡಿ ಮೂಲ ರೂಪದಲ್ಲಿರಬೇಕು ಎಂಬುದೇ ಅಲ್ಲಿನ ಷರತ್ತು.

ಅಯಸ್ಕಾಂತ, ಸೀಮೆಸುಣ್ಣ, ಕುಂಕುಮ

ಡಿಕ್ಕಿ ಡೋರ್ ತೊಳೆದು ಒರೆಸಿ, ತೆಳುವಾದ ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಹಿಂದಂಚಿನುದ್ದಕ್ಕೂ ಎಳೆಯಿರಿ. ಹಿಡಿತ ಸಡಿಲವಾದ ಕಡೆ ಪೇಂಟಿನಡಿ ಪುಟ್ಟಿ ಇದೆ. ಪುಟ್ಟಿಯ ಮೇಲೆ ಬೋಲ್ಟ್ ಬಿಗಿದರೆ ಅದು ಒಳಗೇ ಬಿರಿಯುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ಬಿರುಕಿನಲ್ಲಿ ನೀರಿಳಿಯುತ್ತದೆ. ಅಂಥ ಜಾಗವನ್ನು ಶೀಟಿನವರೆಗೆ ಕೆರೆದು ಟಿಂಕರ್ ಹತ್ತಿರ ತಟ್ಟಿಸಿ ಸರಿಮಾಡಿದ ಮೇಲೆಯೇ ಮುಂದಿನ ಮಾತು.

ಮಾರುಕಟ್ಟೆಯ ಫೈಬರ್ (ಗ್ಲಾಸ್ ಫೈಬರ್) ಸ್ಪಾಯ್ಲರ್‌ಗಳ ತಳ ಡಿಕ್ಕಿಯ ಬಾಗಿಗೆ ತಾನಾಗಿ ಕೂರುವುದಿಲ್ಲ. ಮಧ್ಯ ತಾಗಿದರೆ ತುದಿ ಎದ್ದಿರುತ್ತದೆ. ಬೋಲ್ಟ್ ಬಿಗಿದರೆ ತಾನೇ ಕೂರುತ್ತದೆ ಎನ್ನುವವರ ಮಾತು ಕೇಳಬೇಡಿ. ಆರು ತಿಂಗಳಲ್ಲಿ ಬೋಲ್ಟಿನ ಬುಡದಿಂದ ಕೂದಲೆಳೆಯಂಥ ಬಿರುಕು ಹೊರಡುತ್ತದೆ, ಇಲ್ಲವೇ 0.8 ಮಿ.ಮೀ. ಆಸುಪಾಸಿನ ಹೊರ ಶೀಟೇ ಮೇಲಕ್ಕೆದ್ದು ಅಲೆಯಂತೆ ಕಾಣುತ್ತದೆ. ಡಿಕ್ಕಿ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ ಸೀಮೆಸುಣ್ಣ ಸವರಿ. ಸ್ಪಾಯ್ಲರ್ ಇಟ್ಟು ಒಂದು ಬೆರಳಗಲ ಆಚೀಚೆ ಸರಿಸಿ, ಎತ್ತಿ ತಿರುವಿ ನೋಡಿ. ಬಿಳಿ ಹತ್ತಿದ ಕಡೆಯೇ ಎತ್ತರ ಹೆಚ್ಚು. 80 ನಂಬರ್ ಎಮರಿ ಪೇಪರನ್ನು ಮುಖ ಮೇಲಾಗಿ ಟೇಪಿನ ಮೇಲೆ ಅಂಟಿಸಿ, ಅದರ ಮೇಲೆ ಸ್ಪಾಯ್ಲರನ್ನೇ ಉಜ್ಜಿ. ಡಿಕ್ಕಿಯ ಬಾಗೇ ಅಚ್ಚಾಗಿ ತಳವನ್ನು ತನಗೆ ಬೇಕಾದಂತೆ ಸವೆಸಿಕೊಳ್ಳುತ್ತದೆ. ಎಲ್ಲೂ 1 ಮಿ.ಮೀ.ಗಿಂತ ಹೆಚ್ಚು ಸಂದು ಉಳಿಯದಂತಾಗಲಿ. ಫೈಬರ್ ಪುಡಿ ಚರ್ಮಕ್ಕೆ, ಶ್ವಾಸಕ್ಕೆ ಕೆಟ್ಟದ್ದು. ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಇರಲೇಬೇಕು.

ಮಧ್ಯ ಗುರುತಿಸುವಾಗ ಫೆಂಡರಿನಿಂದ ಅಳೆಯಬೇಡಿ. ಇಷ್ಟು ವರ್ಷದ ಟಿಂಕರಿಂಗ್ ಕಂಡ ಬಾಡಿಯಲ್ಲಿ ಎಡಬಲ 3–5 ಮಿ.ಮೀ. ವ್ಯತ್ಯಾಸ ಇದ್ದರೆ ಆಶ್ಚರ್ಯವಿಲ್ಲ. ಡಿಕ್ಕಿ ಡೋರ್‌ನ ಅಗಲವನ್ನೇ ಅರ್ಧ ಮಾಡಿ, ಟೇಪಿನಲ್ಲಿ ಸ್ಪಾಯ್ಲರ್ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಡಿಕ್ಕಿಯನ್ನು ಪೂರ್ತಿ ಎತ್ತಿ, ಹಿಂಗಾಜಿಗೆ ಏನೂ ತಾಗದೆಂದು ಖಚಿತಪಡಿಸಿಕೊಳ್ಳಿ. ಟೈಲ್ ಲ್ಯಾಂಪ್, ನಂಬರ್ ಪ್ಲೇಟ್ ಮರೆಯಾಗಬಾರದು. ಬಾಡಿಯ ಗೆರೆಯಿಂದ ಹೊರಚಾಚಿದ ಚೂಪು ತುದಿಯೂ ಇರಬಾರದು.

ಬೋಲ್ಟಿನ ಜಾಗ ಗುರುತಿಸಲು ಕುಂಕುಮಕ್ಕೆ ಎರಡು ಹನಿ ಎಣ್ಣೆ ಕಲಸಿ, ಸ್ಪಾಯ್ಲರ್ ತಳದ ಬೋಲ್ಟುಗಳ ತುದಿಗೆ ಹಚ್ಚಿ, ನೇರವಾಗಿ ಇಳಿಸಿ ಎತ್ತಿ. ಟೇಪಿನ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. ಅಳತೆಪಟ್ಟಿಗಿಂತ ಇದು ನಿಖರ. ಈಗ ಡಿಕ್ಕಿಯ ಒಳಗಿನಿಂದ ನೋಡಿ, ಆ ಚುಕ್ಕೆಗಳ ಕೆಳಗೆ ಒಳ ಫ್ರೇಮ್ ಇದೆಯೋ ಖಾಲಿ ಜಾಗ ಇದೆಯೋ ಎಂದು. ಫ್ರೇಮ್ ಅಡ್ಡ ಬಂದರೆ ಎರಡೂ ಶೀಟುಗಳನ್ನು ಒಂದೇ ಬೋಲ್ಟಿನಲ್ಲಿ ಸೇರಿಸಿ ಬಿಗಿಯಬಾರದು. ನಡುವೆ ಟೊಳ್ಳು ಇರುವುದರಿಂದ ಹೊರ ಶೀಟು ಗುಳಿ ಬೀಳುತ್ತದೆ. ಒಳ ಫ್ರೇಮಿನಲ್ಲಿ ಮಾತ್ರ ಸಾಕೆಟ್ ಹೋಗುವಷ್ಟು, ಅಂದರೆ 25 ಮಿ.ಮೀ. ತೂತು ಮಾಡಿ, ನಟ್ಟನ್ನು ಹೊರ ಶೀಟಿಗೇ ಬಿಗಿಯಿರಿ. ಆಮೇಲೆ ಆ ತೂತಿಗೆ ರಬ್ಬರ್ ಮುಚ್ಚಳ ಹಾಕಿ.

ತೂತು

ಸೆಂಟರ್ ಪಂಚಿನಲ್ಲಿ ಮೆಲ್ಲಗೆ ಒಂದೇ ಏಟು, ಅಡಿಯಲ್ಲಿ ಮರದ ತುಂಡು ಕೊಟ್ಟು. ಮೊದಲು 3 ಮಿ.ಮೀ. ಬಿಟ್, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಬಿಟ್‌ನಲ್ಲಿ ದೊಡ್ಡದು ಮಾಡಿ. ಎಂ6 (6 ಮಿ.ಮೀ. ದಪ್ಪದ) ಬೋಲ್ಟಿಗೆ ಮಧ್ಯದ ತೂತು 7 ಮಿ.ಮೀ. ಸಾಕು. ತುದಿಯ ತೂತುಗಳ ಅಳತೆ ಸ್ಪಾಯ್ಲರ್ ಯಾವುದರದ್ದು ಎಂಬುದರ ಮೇಲೆ ನಿಂತಿದೆ. 1.2 ಮೀಟರ್ ಉದ್ದದ ಎಬಿಎಸ್ ಪ್ಲಾಸ್ಟಿಕ್ ಸ್ಪಾಯ್ಲರ್ 40 ಡಿಗ್ರಿ ಬಿಸಿ ಏರಿದರೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಉದ್ದದ ಉಕ್ಕಿನ ಶೀಟು ಅರ್ಧ ಮಿ.ಮೀ. ಚಿಲ್ಲರೆ. ಪುಷ್ಯ ಮಾಸದ ಬೆಳಗಿನ ಚಳಿಗೂ ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಂತ ಕಪ್ಪು ಡಿಕ್ಕಿಗೂ ಇಷ್ಟು ಅಂತರ ಧಾರಾಳವಾಗಿ ಬರುತ್ತದೆ. ಹೀಗಾಗಿ ಎಬಿಎಸ್ ಆದರೆ ತುದಿಯ ತೂತು 10 ಮಿ.ಮೀ. ಇರಲಿ, ಅಗಲ ವಾಷರ್ ಅದನ್ನು ಮುಚ್ಚುತ್ತದೆ. ಫೈಬರ್ ಅಷ್ಟು ಹಿಗ್ಗುವುದಿಲ್ಲ, 8 ಮಿ.ಮೀ. ಸಾಕು.

ಡ್ರಿಲ್ ಚೂರುಗಳನ್ನು ಕೈಯಲ್ಲಿ ಒರೆಸಬೇಡಿ, ಪೇಂಟ್ ಗೀರುತ್ತದೆ. ಅಯಸ್ಕಾಂತದಿಂದ ಎತ್ತಿ. ಡಿಕ್ಕಿಯ ಒಳ ಮೂಲೆಯಲ್ಲಿ ಉಳಿದ ಒಂದು ಚೂರು ಒಂದೇ ಮಳೆಗೆ ಕಂದು ಕಲೆ ಬಿಡುತ್ತದೆ. ತೂತಿನ ಎರಡೂ ಕಡೆಯ ಮುಳ್ಳಂಚನ್ನು ದುಂಡು ಅರದಿಂದ ತೆಗೆಯಿರಿ. ಸಣ್ಣ ಬ್ರಷ್‌ನಲ್ಲಿ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅದರ ಮೇಲೆ ಕಾರಿನ ಬಣ್ಣ. ಶೀಟಿನ ಕತ್ತರಿಸಿದ ಅಂಚಿಗೂ ಬಣ್ಣ ಇಳಿಯಬೇಕು, ಬರಿಯ ಮೇಲ್ಮೈಗಲ್ಲ. ಡಬ್ಬಿಯ ಮೇಲೆ ಬರೆದಷ್ಟು ಗಂಟೆ ಒಣಗಲು ಬಿಡಿ. ಅವಸರದವರು ಬಿಟ್ಟುಬಿಡುವುದು ಈ ಹಂತವನ್ನೇ, ತುಕ್ಕು ಶುರುವಾಗುವುದೂ ಇಲ್ಲಿಂದಲೇ.

ಬಿಗಿಯುವುದು

ಪ್ರತಿ ಬೋಲ್ಟಿಗೆ 25 ಮಿ.ಮೀ. ಹೊರ ಅಳತೆಯ ಸ್ಟೇನ್‌ಲೆಸ್ ವಾಷರ್ ಒಂದು, ಅದೇ ಅಳತೆಯ ರಬ್ಬರ್ ವಾಷರ್ ಒಂದು, ನೈಲಾನ್ ಲಾಕ್ ನಟ್ ಒಂದು. ಸ್ಪಾಯ್ಲರ್ ತಳಕ್ಕೆ 2 ಮಿ.ಮೀ. ರಬ್ಬರ್ ಶೀಟಿನ ಗ್ಯಾಸ್ಕೆಟ್. ತಳದ ಅಂಚಿಗಿಂತ 1 ಮಿ.ಮೀ. ಒಳಗೆ ಇರುವಂತೆ ಕತ್ತರಿಸಿದರೆ ಹೊರಗೆ ಕಾಣದು. ಕೋಲಾರದ ಸುತ್ತಿನ ಕ್ವಾರಿ ಧೂಳಿಗೆ ಗ್ಯಾಸ್ಕೆಟ್ ಇಲ್ಲದ ಸ್ಪಾಯ್ಲರ್ ಎಮರಿ ಪೇಪರಿನಂತೆಯೇ: ಧೂಳು ಸಂದಿಗೆ ನುಗ್ಗಿ, ಪ್ರತಿ ಅದುರಿಗೂ ಪೇಂಟನ್ನು ತೇಯುತ್ತದೆ. ಬೋಲ್ಟಿನ ಬುಡಕ್ಕೆ ಸಿಲಿಕಾನ್ ಹಚ್ಚುವಾಗ ನ್ಯೂಟ್ರಲ್ ಮಾದರಿಯದ್ದೇ ಕೇಳಿ. ವಿನಿಗರಿನಂಥ ಹುಳಿ ವಾಸನೆ ಬರುವ ಮಾಮೂಲು ಸಿಲಿಕಾನ್ ಒಣಗುವಾಗ ಬಿಡುವ ಆಮ್ಲವೇ ಉಕ್ಕಿಗೆ ತುಕ್ಕು ಹಿಡಿಸುತ್ತದೆ.

ಮಧ್ಯದಿಂದ ತುದಿಗೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟಾರ್ಕ್ ರೆಂಚ್ ಇದ್ದರೆ 4–5 ನ್ಯೂಟನ್ ಮೀಟರ್. ಇಲ್ಲದಿದ್ದರೆ ಸಾಕೆಟ್ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು, ರಬ್ಬರ್ ವಾಷರಿನ ಅಂಚು ತುಸು ಉಬ್ಬಿದೊಡನೆ ನಿಲ್ಲಿಸಿ. ಎಬಿಎಸ್‌ನ ತುದಿ ಬೋಲ್ಟುಗಳು ಇನ್ನೂ ಒಂದು ಎಳೆ ಹಗುರವಾಗಿರಲಿ, ಹಿಗ್ಗಲು ಜಾಗ ಬೇಕು.

ಗಿಡ್ಡ ಸ್ಪಾಯ್ಲರ್ ಹಗುರವಾಗಿದ್ದರೆ ಡ್ರಿಲ್ ಇಲ್ಲದೆ ಅಕ್ರಿಲಿಕ್ ಫೋಮ್ ಟೇಪಿನಲ್ಲೇ ನಿಲ್ಲುತ್ತದೆ. ಷರತ್ತು ಒಂದೇ, ಅಡಿಯ ಪೇಂಟ್ ಗಟ್ಟಿಯಾಗಿರಬೇಕು. ಸಿಪ್ಪೆ ಏಳುತ್ತಿರುವ ಪೇಂಟಿಗೆ ಟೇಪ್ ಎಷ್ಟೇ ಒಳ್ಳೆಯದಾದರೂ ಪೇಂಟ್ ಸಮೇತ ಕಿತ್ತು ಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್, ನೀರು ಸಮಸಮ ಬೆರೆಸಿ ಒರೆಸಿ. ಶೀಟಿನ ಬಿಸಿ 21ರಿಂದ 38 ಡಿಗ್ರಿಯೊಳಗಿರಲಿ. ಡಿಸೆಂಬರ್‌ನಲ್ಲಿ ಇಬ್ಬನಿ ಆರಿ ಹನ್ನೊಂದು ಗಂಟೆ ಆಗುವವರೆಗೆ ಕಾಯಿರಿ, ಏಪ್ರಿಲ್‌ನಲ್ಲಿ ನೆರಳಲ್ಲಿ ಬೆಳಗ್ಗೆಯೇ ಮುಗಿಸಿ. ಅಂಗೈಯಿಂದ ಉದ್ದಕ್ಕೂ ಬಲವಾಗಿ ಒತ್ತಿ. ಪೂರ್ತಿ ಹಿಡಿತಕ್ಕೆ 72 ಗಂಟೆ ಬೇಕು. ಅಲ್ಲಿಯವರೆಗೆ ತೊಳೆಯುವುದೂ ಬೇಡ, ಹೆದ್ದಾರಿಯೂ ಬೇಡ.

ಸ್ಪಾಯ್ಲರಿನಲ್ಲಿ ಬ್ರೇಕ್ ಲೈಟ್ ಇದ್ದರೆ 0.75 ಚದರ ಮಿ.ಮೀ. ವೈರ್ ಸಾಕು. ಒಬ್ಬರು ಬ್ರೇಕ್ ಒತ್ತಲಿ, ಟೆಸ್ಟ್ ಲ್ಯಾಂಪ್ ಹಿಡಿದು ಟೈಲ್ ಲ್ಯಾಂಪಿನ ಬ್ರೇಕ್ ವೈರ್ ಯಾವುದೆಂದು ಪತ್ತೆಮಾಡಿ. ಹಳೇ ಕಾರಿನಲ್ಲಿ ವೈರಿನ ಬಣ್ಣ ನಂಬುವಂತಿಲ್ಲ. ತೂತಿನಲ್ಲಿ ಗ್ರೊಮೆಟ್ (ವೈರ್ ಉಜ್ಜದಂತೆ ಕಾಯುವ ರಬ್ಬರ್ ಬಳೆ), ಹಿಂಜಿನ ಹತ್ತಿರ ಡಿಕ್ಕಿ ಪೂರ್ತಿ ಎತ್ತಿದಾಗಲೂ ಬಿಗಿಯಾಗದಷ್ಟು ಸಡಿಲ ವೈರ್. ಅರ್ಥಿಂಗ್ ವೈರನ್ನು ಪೇಂಟ್ ಕೆರೆದ ಶೀಟಿಗೆ ಕೊಟ್ಟು, ಮೇಲೆ ಗ್ರೀಸ್ ಹಚ್ಚಿ.

ಸಿಲಿಕಾನ್ ಒಂದು ದಿನ ಒಣಗಿದ ಮೇಲೆ ಡಿಕ್ಕಿಯೊಳಗೆ ಹಳೇ ಪೇಪರ್ ಹಾಸಿ, ಮುಚ್ಚಿ, ಮೇಲೆ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಪೇಪರ್ ಮೇಲೆ ಕಲೆ ಬಿದ್ದ ಜಾಗದ ನೇರಕ್ಕಿರುವ ಬೋಲ್ಟನ್ನು ಬಿಚ್ಚಿ ಮತ್ತೆ ಸಿಲಿಕಾನ್ ಹಚ್ಚಿ. ಎತ್ತಿದ ಡಿಕ್ಕಿ ತೂಕಕ್ಕೆ ತಾನಾಗಿ ಇಳಿಯುತ್ತಿದ್ದರೆ ಸ್ಪ್ರಿಂಗ್ ಬದಲಿಸುವವರೆಗೆ ಒಂದು ಕೋಲು ಆಸರೆ ಕೊಟ್ಟೇ ಸಾಮಾನು ಇಳಿಸಿ, ತಲೆಯ ಮೇಲೆ ಬಿದ್ದೀತು.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ತೊಳೆದು ಹಾಗೇ ಬಿಟ್ಟರೆ ಸ್ಪಾಯ್ಲರ್ ಬುಡದಲ್ಲಿ ಬಿಳಿ ಉಪ್ಪಿನ ಗೆರೆ ಕಟ್ಟುತ್ತದೆ, ಬಟ್ಟೆಯ ಅಂಚನ್ನು ಸಂದಿಗೆ ತೂರಿಸಿ ಒರೆಸಿ. ಮೊದಲ 500 ಕಿ.ಮೀ. ಓಡಿದ ಮೇಲೆ ರಬ್ಬರ್ ಕೂತಿರುತ್ತದೆ, ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಅದೇ 4–5 ನ್ಯೂಟನ್ ಮೀಟರಿಗೆ ನೋಡಿ, ಎಬಿಎಸ್‌ನ ತುದಿಯವು ಮಾತ್ರ ಮೊದಲಿನಂತೆ ಹಗುರವಾಗಿರಲಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಒಳಗಿನಿಂದ ಟಾರ್ಚ್ ಬಿಟ್ಟು ವಾಷರುಗಳ ಸುತ್ತ ಕೆಂಪು ಕಂಡೀತೇ ಎಂದು ಪರೀಕ್ಷಿಸಿ. ಕಂಡರೆ ಆ ಒಂದು ಬೋಲ್ಟ್ ಬಿಚ್ಚಿ, ಕೆರೆದು, ಪ್ರೈಮರಿನಿಂದ ಮತ್ತೆ ಶುರುಮಾಡಿ.