ರೂಮಿನ ಡಿಪಾಸಿಟ್ ವಾಪಸ್ ಕೊಡ್ತಿಲ್ಲವೇ? ಬೆಳಗಾವಿಯ ವಿದ್ಯಾರ್ಥಿಗಳಿಗೆ

ಬೆಳಗಾವಿ ಕೋರ್ಟ್ ಹತ್ತಿರ ಬಾಡಿಗೆ ಕರಾರುಪತ್ರ ಟೈಪ್ ಮಾಡುವುದು ನನ್ನ ಕೆಲಸ. ಗೋಕಾಕ, ಅಥಣಿ ಕಡೆಯಿಂದ ಓದಲು ಬಂದ ಮಕ್ಕಳಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಸಹಿಗೆ ಮೊದಲು ಡಿಪಾಸಿಟ್ ಕಲಮು ಓದಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ರೂಮ್ ಬಿಟ್ಟ ಎಷ್ಟು ದಿನದೊಳಗೆ ವಾಪಸ್, ಸುಣ್ಣ-ಬಣ್ಣದ ಖರ್ಚು ಯಾರದು, ರೂಮಿಗೆ ಸೇರುವ ದಿನದ ಕರೆಂಟ್ ಮೀಟರ್ ರೀಡಿಂಗ್ ಎಷ್ಟು ಎಂಬುದನ್ನೂ ಬರೆಸಿ. ನಗದು ಕೊಟ್ಟರೆ ಸಹಿ ಇರುವ ರಸೀದಿ ಬೇಕೇ ಬೇಕು. ಕೀಲಿ ಸಿಕ್ಕ ದಿನವೇ ಗೋಡೆಯ ಬಿರುಕು, ಸೋರುವ ನಲ್ಲಿಯ ವಿಡಿಯೊ ಮಾಡಿ ಓನರ್‌ಗೆ ವಾಟ್ಸಾಪ್ ಮಾಡಿ. ತಾರೀಖು ಸಮೇತ ದಾಖಲೆ ಉಳಿಯುತ್ತದೆ.

ಓನರ್ "ನಾಳೆನೇ ಖಾಲಿ ಮಾಡ್ರಿ" ಅಂದರೆ ಹೆದರಬೇಡಿ. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ತಿಂಗಳ ಬಾಡಿಗೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನಗಳ ಲಿಖಿತ ನೋಟಿಸ್ ಬೇಕು. ಸಾಮಾನು ಹೊರಗಿಟ್ಟು ಬೀಗ ಹಾಕಿದರೆ 112ಕ್ಕೆ ಫೋನ್ ಮಾಡಿ. ಪಿ.ಜಿ.ಗಳ ಲೆಕ್ಕ ಬೇರೆ, ಅಲ್ಲಿ ರಸೀದಿ ಮತ್ತು ನಿಯಮದ ಹಾಳೆಯೇ ಆಧಾರ.

ದುಡ್ಡು ಬರದಿದ್ದರೆ ಮೊದಲು ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ನಕಲು ಇಟ್ಟುಕೊಳ್ಳಿ. ನಂತರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು. ಉಳಿದವರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೇಳಿ: ಕೋರ್ಟ್ ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ (ತೀರ್ಪಿನ ಆದೇಶದಷ್ಟೇ) ಬಲವಿದೆ. ಹೋಗುವಾಗ ಕರಾರು, ರಸೀದಿ, ಅಂಚೆ ಕಚೇರಿಯ ರಸೀದಿ ಎಲ್ಲದರ ಜೆರಾಕ್ಸ್ ಜೊತೆಗಿರಲಿ.